ನಾಟಕ ಮುಗಿದ ಮೇಲೆ

ಅನ್ವಯಿಕ ರಂಗಭೂಮಿಯಲ್ಲಿ ಎಂ.ಎ. ಮಾಡಬೇಕು, ಎಲ್ಲಿಗೆ ಹೋಗಲಿ ಎಂದು ಕೇಳುವ ಹುಡುಗ ಹುಡುಗಿಯರು ಈಗ ವೈಟ್‌ಫೀಲ್ಡಿನಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಸಿಗುತ್ತಾರೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ಶನಿವಾರ ಭಾನುವಾರ ತಾಲೀಮಿಗೆ ಓಡುವವರು ಕೆಲವರು. ಎನ್‌ಜಿಒಗಳಲ್ಲಿ ಮಕ್ಕಳಿಗೆ ಆಟ ಆಡಿಸುತ್ತ, ಇದೇ ತಮ್ಮ ಕಸುಬಾಗಬೇಕೆಂದು ಬಯಸುವವರು ಇನ್ನು ಕೆಲವರು. ಶಾಲೆ, ಕೊಳೆಗೇರಿ, ಜೈಲು, ಕಾರ್ಖಾನೆಗಳಲ್ಲಿ, ನಟರಲ್ಲದ ಜನರ ಜೊತೆ ನಾಟಕವನ್ನು ಕಲಿಕೆಗೂ ಮಾತುಕತೆಗೂ ಬಳಸುವ ಈ ವಿದ್ಯೆಗೆ ಲಂಡನ್ನಿನ ರಾಯಲ್ ಸೆಂಟ್ರಲ್ ಸ್ಕೂಲಿನಂಥ ಕಡೆ ಸ್ನಾತಕೋತ್ತರ ಪದವಿಯೇ ಇದೆ. ಅವರ ಪ್ರಶ್ನೆ ಕೇಳಿದಾಗಲೆಲ್ಲ ಬೆಂಗಳೂರಿನ ಇನ್ನೊಂದು ಕಾಲ ಎದ್ದು ಬರುತ್ತದೆ. ಜಾಲಹಳ್ಳಿ, ದೂರವಾಣಿನಗರ, ವಿಮಾನಪುರಗಳಲ್ಲಿ ದುಡಿಯುವ ಜನ ತಾವೇ ನಾಟಕ ಆಡುತ್ತಿದ್ದ ಕಾಲ ಅದು. ಜನರ ನಡುವೆ ನಾಟಕ ಮಾಡುವುದನ್ನು ಓದಿ ಪದವಿ ಪಡೆಯಬಹುದು ಎಂದು ಅಂದು ಯಾರಾದರೂ ಅಂದಿದ್ದರೆ ಕ್ಯಾಂಟೀನಿನಲ್ಲಿ ಒಂದು ವಾರ ನಗೆಯಾಡಲು ಅದೇ ಸಾಕಾಗುತ್ತಿತ್ತು. ಆ ಕಾಲವನ್ನು ಕಂಡವರಿಗೆ ಅದರ ಮೇಲೆ ಮಮತೆ ಇರುವುದು ಸಹಜ. ಆದರೆ ಆ ಮಮತೆಯಿಂದಲೇ ‘ಆಗ ತರಬೇತಿ ಇಲ್ಲದೆ ನಡೆಯಲಿಲ್ಲವೇ, ಈಗೇಕೆ ಬೇಕು’ ಎಂಬ ವಾದ ಹುಟ್ಟುತ್ತದೆ. ಆ ವಾದ ಸರಿಯಲ್ಲ. ಅಂದಿನ ರಂಗಭೂಮಿ ಎಲ್ಲಿ ಸೋತಿತು ಎಂದು ನೋಡಿದರೆ ತರಬೇತಿ ಏಕೆ ಬೇಕು, ಯಾವುದಕ್ಕೆ ಬೇಕು ಎಂಬುದು ತಿಳಿಯುತ್ತದೆ. ಅದು ಸೋತದ್ದು ನಾಟಕ ಆಡುವುದರಲ್ಲಿ ಅಲ್ಲ, ನಾಟಕ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ.

ಮೊದಲು ಆ ಕಾಲದ ಚಿತ್ರ. ಎಚ್‌ಎಎಲ್ 1940ರದು, ಐಟಿಐ 1948ರದು, ಎಚ್‌ಎಂಟಿ 1953ರದು, ಬಿಇಎಲ್ 1954ರದು. ಈ ಕಾರ್ಖಾನೆಗಳು ಯಂತ್ರಗಳ ಜೊತೆಗೆ ಊರುಗಳನ್ನೂ ಕಟ್ಟಿದವು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಮೈದಾನ, ಸಭಾಂಗಣ ಎಲ್ಲವೂ ಒಂದೇ ಕಾಂಪೌಂಡಿನ ಆಸುಪಾಸಿನಲ್ಲಿ. ಇಲ್ಲಿನ ಕನ್ನಡ ಸಂಘಗಳು, ಲಲಿತಕಲಾ ಸಂಘಗಳು ನವೆಂಬರ್ ಬಂತೆಂದರೆ ಎಚ್ಚರಗೊಳ್ಳುತ್ತಿದ್ದವು. ಮೊದಲ ಪಾಳಿ ಮುಗಿಸಿದ ಟರ್ನರು, ಫಿಟ್ಟರು, ಟೈಮ್ ಆಫೀಸಿನ ಗುಮಾಸ್ತ ಸಂಜೆ ತಾಲೀಮಿಗೆ ಸೇರುತ್ತಿದ್ದರು. ಎರಡನೇ ಪಾಳಿಯವನ ಪಾತ್ರಕ್ಕೆ ಬೇರೊಬ್ಬ ನಿಂತು ಮಾತು ಒಪ್ಪಿಸುತ್ತಿದ್ದ. ಕಾರ್ಖಾನೆ ಕಾರ್ಖಾನೆಗಳ ನಡುವೆ ನಾಟಕದ ಸ್ಪರ್ಧೆ ಏರ್ಪಟ್ಟರೆ ಅದಕ್ಕೆ ಫುಟ್‌ಬಾಲ್ ಪಂದ್ಯದಷ್ಟೇ ಕಾವು. ರಂಗದ ಮೇಲಿನ ರಾಜ ಮರುದಿನ ಲೇತಿನ ಮುಂದೆ ನಿಂತಿರುತ್ತಿದ್ದ. ನೋಡಿದವರು, ಆಡಿದವರು ಇಬ್ಬರೂ ಒಂದೇ ಫ್ಯಾಕ್ಟರಿ ಬಸ್ಸಿನಲ್ಲಿ ಕೂತು ‘ಎರಡನೇ ಅಂಕದಲ್ಲಿ ಮಾತು ಮರೆತೆಯಲ್ಲೋ’ ಎಂದು ಕಾಡಿಸಿಕೊಳ್ಳುತ್ತಿದ್ದರು. ಇಂದಿನ ಅನ್ವಯಿಕ ರಂಗಭೂಮಿಯ ಪಠ್ಯಗಳು ಸಮುದಾಯದ ಒಡೆತನ ಎಂದು ಪುಟಗಟ್ಟಲೆ ವಿವರಿಸುವ ಸಂಗತಿ ಇಲ್ಲಿ ಕೇಳದೆಯೇ ಸಿಕ್ಕಿತ್ತು. ಕಾಯಂ ನೌಕರಿ, ಎಂಟು ಗಂಟೆಯ ದುಡಿಮೆ, ಗೇಟಿನ ಹತ್ತಿರವೇ ಮನೆ ಎಂಬ ಮೂರು ಅನುಕೂಲಗಳಿಂದ ಅದು ಬಂದಿತ್ತು. ಈ ಮೂರರಲ್ಲಿ ಒಂದನ್ನೂ ಯಾವ ಕೋರ್ಸೂ ಕೊಡಲಾರದು ಎಂಬುದನ್ನು ಈಗಲೇ ಹೇಳಿಬಿಡಬೇಕು.

ಆದರೆ ಆ ಒಡೆತನ ಯಾರದಾಗಿತ್ತು? ಐಟಿಐಯಲ್ಲಿ ಟೆಲಿಫೋನು ಜೋಡಿಸುವ, ಎಚ್‌ಎಂಟಿಯಲ್ಲಿ ಗಡಿಯಾರ ಜೋಡಿಸುವ ಸಾಲುಗಳಲ್ಲಿ ನೂರಾರು ಹೆಂಗಸರು ದುಡಿಯುತ್ತಿದ್ದರು. ಹವ್ಯಾಸಿ ನಾಟಕದ ನಾಯಕಿ ಮಾತ್ರ ಬಹುತೇಕ ಹೊರಗಿನವಳು, ಸಂಭಾವನೆ ಕೊಟ್ಟು ಕರೆಸಿದ ಕಲಾವಿದೆ. ಅವಳು ಕೊನೆಯ ನಾಲ್ಕಾರು ತಾಲೀಮಿಗೆ ಬಂದು, ಪ್ರದರ್ಶನ ಮುಗಿಸಿ, ಟ್ಯಾಕ್ಸಿ ಹತ್ತುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ಕೂತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಣ್ಣಿನ ಮಾತು ರಂಗಕ್ಕೆ ಬರಲೇ ಇಲ್ಲ. ಸಂಜೆ ಅವಳು ಮನೆಗೆ ಓಡಬೇಕಿತ್ತು ಎಂಬುದು ನಿಜ. ತಾಲೀಮನ್ನು ಸಂಜೆಗೇ ಇಟ್ಟದ್ದು ಯಾರು ಎಂಬುದೂ ಅಷ್ಟೇ ನಿಜವಾದ ಪ್ರಶ್ನೆ. ಕ್ಯಾಂಟೀನಿನ, ತೋಟದ, ಕಸದ ಗುತ್ತಿಗೆ ಕೆಲಸದವರಿಗೆ ಸಂಘದ ಸದಸ್ಯತ್ವವಿರಲಿಲ್ಲ. ತಮಿಳು, ತೆಲುಗು, ಮಲಯಾಳ ಮನೆಮಾತಿನ ಸಹೋದ್ಯೋಗಿಗೆ ಸಭಾಂಗಣದಲ್ಲಿ ಕುರ್ಚಿಯಿತ್ತು, ರಂಗದ ಮೇಲೆ ಜಾಗವಿರಲಿಲ್ಲ. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ಈ ಸಂಘಗಳು ಕನ್ನಡಿಗರ ಸ್ವಾಭಿಮಾನದ ನೆಲೆಗಳಾಗಿದ್ದವು, ಅದಕ್ಕೆ ಸಕಾರಣವೂ ಇತ್ತು. ಕನ್ನಡ ನಾಡಿನ ನೆಲದಲ್ಲಿ ನಿಂತ ಕೇಂದ್ರದ ಕಾರ್ಖಾನೆಯಲ್ಲಿ ಕನ್ನಡ ಕೇಳಿಸುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೂ ಅದು ಕಾಯಂ ನೌಕರಿಯ ಗಂಡಸರ ರಂಗಭೂಮಿಯಾಗಿತ್ತು. ನೆನಪು ಎಷ್ಟೇ ಸಿಹಿಯಾಗಿದ್ದರೂ ಈ ಮಾತು ಸುಳ್ಳಾಗುವುದಿಲ್ಲ.

ಇದರ ಜೊತೆಯಲ್ಲೇ ಇನ್ನೊಂದು ಧಾರೆ ಹರಿಯಿತು. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡ ಪ್ರಸನ್ನ ಅವರ ನಿರ್ದೇಶನದಲ್ಲಿ ‘ತಾಯಿ’, ‘ಗೆಲಿಲಿಯೊ’ಗಳನ್ನು ಆಡಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಹತ್ಯಾಕಾಂಡವನ್ನು ಸಿ.ಜಿ. ಕೃಷ್ಣಸ್ವಾಮಿಯವರ ‘ಬೆಲ್ಚಿ’ ಬೀದಿಗೆ ತಂದಿತು. 1979ರ ಜಾಥಾ ಹಳ್ಳಿ ಹಳ್ಳಿ ಸುತ್ತಿತು. ಕಾರ್ಖಾನೆಯ ಗೇಟ್ ಮೀಟಿಂಗಿಗೂ ಬೀದಿ ನಾಟಕಕ್ಕೂ ಒಂದೇ ತಮಟೆ ಸಾಕಾಗುತ್ತಿದ್ದ ದಿನಗಳವು. 1980ರ ಡಿಸೆಂಬರ್ ಕೊನೆಯಲ್ಲಿ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ 77 ದಿನ ನಡೆಯಿತು. ಸಂಬಳವಿಲ್ಲದ ಸಂಕ್ರಾಂತಿ ಕಳೆಯಿತು, ಅಂಗಡಿಯವರು ಸಾಲದ ಲೆಕ್ಕದ ಪುಸ್ತಕ ಮುಚ್ಚಿದರು. ಕೊನೆಗೆ ಕೇಳಿದ್ದು ಸಿಗದೆಯೇ ಕೆಲಸಕ್ಕೆ ಮರಳಬೇಕಾಯಿತು. ಕ್ವಾರ್ಟರ್ಸಿನ ಅಡುಗೆಮನೆಗಳಲ್ಲಿ ಆ ದಿನಗಳಲ್ಲಿ ನಡೆದ ಮಾತುಕತೆ, ಜಗಳ, ಒಡವೆ ಅಡವಿಟ್ಟ ಲೆಕ್ಕ ಇವು ಒಂದು ದೊಡ್ಡ ನಾಟಕಕ್ಕೆ ವಸ್ತು. ಅಂದಿನ ಬೀದಿ ನಾಟಕದ ನೋಟವೆಲ್ಲ ಗೇಟಿನ ಮೇಲಿತ್ತು. ಮಾಲೀಕ, ಪೊಲೀಸು, ಮಂತ್ರಿ, ಕಾರ್ಮಿಕ ಎಂಬ ನಾಲ್ಕು ಪಾತ್ರಗಳಲ್ಲಿ ಅದು ಮುಗಿಯುತ್ತಿತ್ತು. ಹೆಂಡತಿ ಬಂದರೆ ಅಳಲು ಬರುತ್ತಿದ್ದಳು.

ಬೀದಿ ನಾಟಕ ಮುಗಿಯುವ ರೀತಿಯೂ ನಿಗದಿಯಾಗಿತ್ತು. ಕೊನೆಗೊಂದು ಹಾಡು, ಒಂದು ಘೋಷಣೆ, ಟವಲು ಹಿಡಿದು ಚಂದಾ, ಆಮೇಲೆ ಮುಂದಿನ ಜಾಗಕ್ಕೆ. ನೋಡಿದವರಲ್ಲಿ ಒಬ್ಬ ‘ಇದು ಹೀಗಲ್ಲ’ ಎನ್ನಲು ಬಯಸಿದರೆ ಅವನಿಗೆ ಸಿಗುತ್ತಿದ್ದುದು ತಂಡದ ಬೆನ್ನು. ಬ್ರೆಜಿಲ್‌ನ ಅಗಸ್ಟೋ ಬೋಲ್ ಇದೇ ಗೋಡೆಗೆ ತಲೆ ಹೊಡೆದುಕೊಂಡವರು. ಅವರೇ ಬರೆದಿಟ್ಟ ಪ್ರಸಂಗ ಇದು. ಈಶಾನ್ಯ ಬ್ರೆಜಿಲ್‌ನ ರೈತರ ಮುಂದೆ ಅವರ ತಂಡ ಭೂಮಿಗಾಗಿ ರಕ್ತ ಹರಿಸೋಣ ಎಂದು ಹಾಡಿ ನಾಟಕ ಮುಗಿಸಿತು. ವರ್ಜೀಲಿಯೊ ಎಂಬ ರೈತ ಎದ್ದು, ಸರಿ, ನಿಮ್ಮ ಬಂದೂಕು ತನ್ನಿ, ಊಟ ಮಾಡಿ ಹೊರಡೋಣ ಎಂದ. ಬಂದೂಕುಗಳು ಮರದವು, ಹೋರಾಡಲು ಬಂದವರು ಬರೀ ನಟರು. ಹಾಗಾದರೆ ಹರಿಯಬೇಕಾದ ರಕ್ತ ನಮ್ಮದು ಮಾತ್ರವೋ ಎಂಬ ಆ ರೈತನ ತರ್ಕದ ಮುಂದೆ ನಟರು ತಲೆತಗ್ಗಿಸಿದರು. 1974ರಲ್ಲಿ ಪ್ರಕಟವಾದ ಬೋಲ್ ಅವರ ದಮನಿತರ ರಂಗಭೂಮಿಯ ಚಿಂತನೆಯ ಹಿಂದೆ ಈ ಬಗೆಯ ಮುಖಭಂಗಗಳಿವೆ. ಅವರ ಫೋರಂ ಥಿಯೇಟರಿನಲ್ಲಿ ನಾಟಕ ಸೋಲಿನಲ್ಲಿ ನಿಲ್ಲುತ್ತದೆ. ಮತ್ತೆ ಮೊದಲಿಂದ ಆಡುತ್ತಾರೆ, ನೋಡುಗ ನಿಲ್ಲಿಸಿ ಎನ್ನಬಹುದು, ತಾನೇ ರಂಗಕ್ಕೆ ಬಂದು ಸೋತವಳ ಪಾತ್ರ ವಹಿಸಿ ಬೇರೆ ದಾರಿ ಹುಡುಕಬಹುದು. ನಾಟಕಕ್ಕೂ ಜನಕ್ಕೂ ನಡುವೆ ನಿಂತು ಈ ಆಟ ನಡೆಸುವವನನ್ನು ಅವರು ಜೋಕರ್ ಎಂದರು. ಅನ್ವಯಿಕ ರಂಗಭೂಮಿಯ ತರಬೇತಿಯ ತಿರುಳು, ನನ್ನ ಲೆಕ್ಕದಲ್ಲಿ, ಈ ಜೋಕರನನ್ನು ತಯಾರು ಮಾಡುವುದೇ.

ವರ್ಜೀಲಿಯೊನ ಟೀಕೆ ಬೆಂಗಳೂರಿನ ಕಾರ್ಖಾನೆಯ ನಟರಿಗೆ ಪೂರ್ತಿ ತಗುಲುವುದಿಲ್ಲ ಎಂಬುದನ್ನೂ ಒಪ್ಪಬೇಕು. 77 ದಿನ ಸಂಬಳ ಕಳೆದುಕೊಂಡವರಲ್ಲಿ ನಾಟಕ ಆಡುತ್ತಿದ್ದವರೂ ಇದ್ದರು. ಅವರು ಹಾಡಿದ್ದಕ್ಕೆ ಅವರೇ ಬೆಲೆ ತೆತ್ತರು. ದಿಲ್ಲಿಯ ಜನ ನಾಟ್ಯ ಮಂಚ್ ಘಾಜಿಯಾಬಾದಿನ ಕಾರ್ಖಾನೆಯೊಂದರ ಕಾರ್ಮಿಕರು ಸೈಕಲ್ ನಿಲ್ಲಿಸಲು ಜಾಗ, ಚಹಾಕ್ಕೆ ಕ್ಯಾಂಟೀನು ಕೇಳಿ ಗುಂಡಿಗೆ ಬಲಿಯಾದದ್ದನ್ನು 1978ರಲ್ಲಿ ‘ಮಶೀನ್’ ಎಂಬ ಪುಟ್ಟ ನಾಟಕ ಮಾಡಿತು. ಪೀಣ್ಯದಂಥದೇ ಕೈಗಾರಿಕಾ ಪ್ರದೇಶವಾದ ಸಾಹಿಬಾಬಾದಿನ ಝಂಡಾಪುರದಲ್ಲಿ 1989ರ ಜನವರಿ 1ರಂದು ಅದೇ ತಂಡದ ಸಫ್ದರ್ ಹಾಶ್ಮಿಯವರ ಮೇಲೆ ನಾಟಕದ ನಡುವೆಯೇ ಹಲ್ಲೆಯಾಯಿತು, ಮರುದಿನ ಅವರು ತೀರಿಕೊಂಡರು. ಟೀಕೆ ತಗುಲುವುದು ಆಮೇಲೆ ಬಂದ ಬೀದಿ ನಾಟಕಕ್ಕೆ. 1990ರ ಆಸುಪಾಸಿನ ಸಾಕ್ಷರತಾ ಆಂದೋಲನದ ಕಲಾಜಾಥಾಗಳಲ್ಲಿ ಇನ್ನೂ ಹುರುಪಿತ್ತು, ಸ್ವಯಂಸೇವಕರಿದ್ದರು. ಅದರ ಬೆನ್ನಿಗೆ ಬೀದಿ ನಾಟಕ ಇಲಾಖೆಗಳ ಪ್ರಚಾರ ಸಾಮಗ್ರಿಯಾಯಿತು. ಶೌಚಾಲಯ, ಏಡ್ಸ್, ಡೆಂಗಿ, ಕಸ ವಿಂಗಡಣೆ, ಪ್ರದರ್ಶನಕ್ಕಿಷ್ಟು ಎಂಬ ದರ, ಫೋಟೊ ತೆಗೆದು ಬಿಲ್ಲಿನ ಜೊತೆ ಲಗತ್ತಿಸುವ ಷರತ್ತು. ಕಲಾವಿದರಿಗೆ ಅದರಿಂದ ಅನ್ನ ಸಿಕ್ಕಿದೆ, ಅದನ್ನು ಹೀಯಾಳಿಸಲು ಮನಸ್ಸಿಲ್ಲ. ಆದರೆ ಒಂದೇ ದಿನ ನಾಲ್ಕು ಬಡಾವಣೆಯಲ್ಲಿ ಆಡಬೇಕಾದ ತಂಡಕ್ಕೆ ಯಾವ ಬಡಾವಣೆಯ ಮಾತನ್ನೂ ಕೇಳುವ ಪುರಸೊತ್ತಿರುವುದಿಲ್ಲ.

ಈ ನಡುವೆ ಹೊರವಲಯ ಬೇರೆಯೇ ಆಯಿತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಶುರುಮಾಡಿದ ಎಲೆಕ್ಟ್ರಾನಿಕ್ ಸಿಟಿ ಹೊಸೂರು ರಸ್ತೆಯ ಉದ್ದಕ್ಕೂ ಬೆಳೆಯಿತು. ವೈಟ್‌ಫೀಲ್ಡಿನಲ್ಲಿ 1990ರ ದಶಕದಲ್ಲಿ ಐಟಿಪಿಎಲ್ ಎದ್ದಿತು. ಪೀಣ್ಯದ ಶೆಡ್ಡುಗಳಲ್ಲಿ ಮಶೀನ್ ಶಾಪುಗಳ ಪಕ್ಕದಲ್ಲೇ ಗಾರ್ಮೆಂಟ್ಸು ಬಂದವು, ಅದರೊಂದಿಗೆ ಲೈನು, ಪೀಸು, ಟಾರ್ಗೆಟ್ಟು ಎಂಬ ಮಾತುಗಳೂ ಬಂದವು. 2016 ಎಂಬ ಒಂದೇ ವರ್ಷವನ್ನು ತೆಗೆದುಕೊಂಡರೆ ಈ ಬದಲಾವಣೆಯೆಲ್ಲ ಕಾಣುತ್ತದೆ. ಆ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಿತು. ಫೆಬ್ರವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58ರ ವಯಸ್ಸಿನವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸಿನ ಸಾವಿರಾರು ಹೆಂಗಸರು ಕಾರ್ಖಾನೆಯಿಂದ ನೇರ ರಸ್ತೆಗಿಳಿದರು. ಬೊಮ್ಮನಹಳ್ಳಿ, ಹೊಸೂರು ರಸ್ತೆ, ಹೆಬ್ಬಗೋಡಿ, ಜಾಲಹಳ್ಳಿ ಕ್ರಾಸ್, ಪೀಣ್ಯ, ತುಮಕೂರು ರಸ್ತೆ ಎಲ್ಲ ನಿಂತುಹೋದವು. ಕರೆ ಕೊಟ್ಟ ದೊಡ್ಡ ನಾಯಕನಿರಲಿಲ್ಲ. ಲಾಠಿ ಬೀಸಿತು, ಬಸ್ಸುಗಳಿಗೆ ಬೆಂಕಿ ಬಿತ್ತು, 19ರಂದೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಹಳೆಯ ಕಾರ್ಖಾನೆ ರಂಗಭೂಮಿಯ ಬೀಡಾಗಿದ್ದ ಜಾಲಹಳ್ಳಿಯಲ್ಲಿ ಗಡಿಯಾರ ನಿಂತ ಕೆಲವೇ ತಿಂಗಳಲ್ಲಿ, ಆ ರಂಗಭೂಮಿ ಎಂದೂ ಮಾತಾಡಿಸದ ಹೆಂಗಸರು ಅಲ್ಲೇ ರಸ್ತೆಯ ಮೇಲಿದ್ದರು.

ಅವರ ಲೆಕ್ಕ ಸರಳವಾಗಿತ್ತು. 35, 40ಕ್ಕೆ ಕಣ್ಣು ಮಂಜಾಗಿ ಸೊಂಟ ಸೋತು ಲೈನಿನಿಂದ ಹೊರಬೀಳುವ ಟೈಲರಿಗೆ 58ರ ದುಡ್ಡು ಯಾವ ಕೆಲಸಕ್ಕೆ? ಕೆಲಸ ಬಿಟ್ಟು ಪಿಎಫ್ ತೆಗೆದು, ಮಗಳ ಮದುವೆಯನ್ನೋ ಊರಿನ ಸಾಲವನ್ನೋ ತೀರಿಸಿ, ಮತ್ತೊಂದು ಕಾರ್ಖಾನೆಗೆ ಹೊಸಬಳಾಗಿ ಸೇರುವುದು ಅವರ ಬದುಕಿನ ವಾಡಿಕೆ. ದಿಲ್ಲಿಯಲ್ಲಿ ಕೂತು ವೃದ್ಧಾಪ್ಯದ ಭದ್ರತೆ ಎಂದು ನಿಯಮ ಬರೆದವರಿಗೆ ಈ ವಾಡಿಕೆ ಗೊತ್ತಿರಲಿಲ್ಲ. ಒಪ್ಪೋಣ, ಅವರು ದೂರದವರು. ಆದರೆ ಹೆಬ್ಬಗೋಡಿಯಲ್ಲಿ, ಲಗ್ಗೆರೆಯಲ್ಲಿ, ಹೆಗ್ಗನಹಳ್ಳಿಯಲ್ಲಿ ಸ್ವಚ್ಛತೆಯ ಬಗ್ಗೆಯೂ ಉಳಿತಾಯದ ಬಗ್ಗೆಯೂ ಬೀದಿ ನಾಟಕ ಆಡಿಹೋದವರಿಗೆ ಗೊತ್ತಿರಬೇಕಿತ್ತಲ್ಲ? ಉಳಿತಾಯ ಮಾಡಿ ಎಂದು ಹೇಳುವ ನಾಟಕದ ನಂತರ ಅರ್ಧ ಗಂಟೆ ಕೂತು, ‘ನೀವು ಹೇಗೆ ಉಳಿಸುತ್ತೀರಿ’ ಎಂದು ಒಮ್ಮೆ ಕೇಳಿದ್ದರೆ ಪಿಎಫ್‌ನ ವಿಷಯ ಹೊರಬೀಳಲು ಹತ್ತು ನಿಮಿಷವೂ ಬೇಕಿರಲಿಲ್ಲ. ನಾಟಕ ಆ ಸಿಟ್ಟನ್ನು ತಡೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಸಿಟ್ಟು ನ್ಯಾಯವಾದದ್ದೇ. ಜನರ ನಡುವೆ ಇದ್ದೇವೆ ಎನ್ನುವ ಕಲೆಗೆ ಜನರ ದೊಡ್ಡ ಸಂಗತಿಯೇ ತಿಳಿದಿರಲಿಲ್ಲವೆಂದರೆ ಅದರ ವಿಧಾನದಲ್ಲಿ ದೋಷವಿದೆ ಎಂದಷ್ಟೇ ಹೇಳುವುದು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಕೇಳುವುದಕ್ಕೆ ಎಂ.ಎ. ಬೇಕೆ? ಒಳ್ಳೆಯ ಮನಸ್ಸಿದ್ದರೆ ಸಾಲದೆ? ಸಾಲದು. ಒಂದು ಸಾಧ್ಯತೆಯನ್ನು ಯೋಚಿಸೋಣ. ಗಾರ್ಮೆಂಟ್ಸಿನ ಹೆಂಗಸರ ನಡುವೆ ಫೋರಂ ನಾಟಕ ನಡೆಯುತ್ತಿದೆ. ಸೂಪರ್‌ವೈಸರ್ ಕಿರುಚುವ ದೃಶ್ಯ. ನೋಡುಗರಿಂದ ಒಬ್ಬಳು ಎದ್ದು ಬಂದು, ತನ್ನ ಲೈನಿನಲ್ಲಿ ನಡೆಯುವುದನ್ನೇ ಆಡಿ ತೋರಿಸುತ್ತಾಳೆ, ಮೈಮೇಲೆ ಕೈಹಾಕಿದ್ದನ್ನೂ ಸೇರಿಸಿ. ಚಪ್ಪಾಳೆ ಬೀಳುತ್ತದೆ. ಆ ಗುಂಪಿನಲ್ಲಿ ಸೂಪರ್‌ವೈಸರನ ನೆಂಟರಿದ್ದರೆ? ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ? ನಾಳೆ ಬೆಳಗ್ಗೆ ಅವಳು ಅದೇ ಲೈನಿಗೆ ಹೋಗಬೇಕು, ನಾಟಕದ ತಂಡ ಹೋಗಬೇಕಿಲ್ಲ. ಇಂಥ ಹೊತ್ತಿನಲ್ಲಿ ದೃಶ್ಯವನ್ನು ಅವಳ ಬದುಕಿನಿಂದ ಒಂದು ಗೇಣು ದೂರ ಸರಿಸಿ ಯಾರದೋ ಕತೆಯಾಗಿಸುವುದು, ಫೋಟೊ ಬೇಡ ಎಂದು ಮೊದಲೇ ಕರಾರು ಮಾಡುವುದು, ಕಾನೂನಿನ ನೆರವು ಎಲ್ಲಿ ಸಿಗುತ್ತದೆಂದು ತಿಳಿದಿರುವುದು, ಯಾವಾಗ ಆಟ ನಿಲ್ಲಿಸಬೇಕೆಂದು ಅರಿಯುವುದು ಇವೆಲ್ಲ ಕೌಶಲಗಳು. ಕೌಶಲವನ್ನು ಕಲಿಸಬಹುದು, ಅಭ್ಯಾಸ ಮಾಡಿಸಬಹುದು, ಹಿರಿಯರ ಕಣ್ಣೆದುರು ತಪ್ಪು ಮಾಡಿ ತಿದ್ದಿಕೊಳ್ಳಲು ಬಿಡಬಹುದು. ಒಳ್ಳೆಯ ಮನಸ್ಸಿನ ಅನನುಭವಿ ಇಲ್ಲಿ ಒಬ್ಬಳ ಕೆಲಸವನ್ನೇ ಕಳೆಯಬಲ್ಲ. ಶಸ್ತ್ರಚಿಕಿತ್ಸೆಯ ಚಾಕು ಹಿಡಿಯುವವನ ಬಗ್ಗೆ ನಮಗಿರುವ ಎಚ್ಚರ ಈ ಕಸುಬಿನ ಬಗ್ಗೆಯೂ ಇರಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕನ್ನಡದಲ್ಲಿ ರಂಗಶಿಕ್ಷಣಕ್ಕೆ ಏನು ಕೊರತೆ? ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1980ರಲ್ಲೇ ರಂಗಶಿಕ್ಷಣ ಕೇಂದ್ರ ತೆರೆಯಿತು. ಕೆ.ವಿ. ಸುಬ್ಬಣ್ಣನವರ ‘ಜನಸ್ಪಂದನ’ ಊರೂರಿಗೆ ನಾಟಕ, ಸಿನಿಮಾ ಶಿಬಿರಗಳನ್ನು ಒಯ್ದಿತು. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಪ್ರೇಮಾ ಕಾರಂತರು ಬೆನಕ ಮಕ್ಕಳ ನಾಟಕ ಕೇಂದ್ರದಲ್ಲಿ ಒಂದು ತಲೆಮಾರಿನ ಮಕ್ಕಳನ್ನು ಬೆಳೆಸಿದರು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕಾರಾಗೃಹದ ಬಂದಿಗಳ ಜೊತೆ ವರ್ಷಗಟ್ಟಲೆ ದುಡಿದಿದ್ದಾರೆ. ಸನ್ಮಾನ್ಯ ಪರಂಪರೆ ಇದು, ಅದಿಲ್ಲದಿದ್ದರೆ ಈ ಚರ್ಚೆಗೂ ನೆಲವಿರುತ್ತಿರಲಿಲ್ಲ. ಆದರೆ ನಮ್ಮ ರಂಗಶಾಲೆಗಳು, ವಿಶ್ವವಿದ್ಯಾಲಯಗಳ ನಾಟಕ ವಿಭಾಗಗಳು ಮುಖ್ಯವಾಗಿ ಕಲಿಸುವುದು ನಟನೆ, ನಿರ್ದೇಶನ, ನೇಪಥ್ಯ, ಇತಿಹಾಸ. ಅವು ತಯಾರಿಸುವುದು ಒಳ್ಳೆಯ ನಾಟಕ ಮಾಡಬಲ್ಲವರನ್ನು. ರಾಷ್ಟ್ರೀಯ ನಾಟಕ ಶಾಲೆಯೇ ಈ ವ್ಯತ್ಯಾಸವನ್ನು ಒಪ್ಪಿದಂತಿದೆ. ಅದು ಬೆಂಗಳೂರಿನ ಕೇಂದ್ರಕ್ಕೆ ನಟನೆಯ ಒಂದು ವರ್ಷದ ಕೋರ್ಸು ಕೊಟ್ಟಿತು, ಶಿಕ್ಷಣದಲ್ಲಿ ರಂಗಭೂಮಿಯ ಒಂದು ವರ್ಷದ ಕೋರ್ಸನ್ನು ತ್ರಿಪುರಾದ ಅಗರ್ತಲಕ್ಕೆ ಕೊಟ್ಟಿತು. ನಮ್ಮ ಸರ್ಕಾರ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದಾಗ ದೇಶದಲ್ಲೇ ಅಪರೂಪದ ಹೆಜ್ಜೆ ಎನಿಸಿತ್ತು. ಹಲವು ಕಡೆ ಆ ಶಿಕ್ಷಕರಿಗೆ ಸಿಕ್ಕ ಕೆಲಸವೆಂದರೆ ವಾರ್ಷಿಕೋತ್ಸವ, ಆಗಸ್ಟ್ 15, ಪ್ರತಿಭಾ ಕಾರಂಜಿ, ಮತ್ತು ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ತರಗತಿ ಕಾಯುವುದು. ಸಮಾಜ ವಿಜ್ಞಾನದ ಪಾಠವನ್ನೇ ನಾಟಕದ ಮೂಲಕ ಮಾಡುವ ವಿಧಾನ ಅವರ ತರಬೇತಿಯಲ್ಲೂ ಮುಖ್ಯೋಪಾಧ್ಯಾಯರ ಕಲ್ಪನೆಯಲ್ಲೂ ಇರಲಿಲ್ಲ.

ಅಗತ್ಯ ಮಾತ್ರ ಕಾಗದದ ಮೇಲೆ ಆಗಲೇ ಒಪ್ಪಿತವಾಗಿದೆ. 2014ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹೆಚ್ಚಿಸಿದಾಗ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಪತ್ರಿಕೆಯನ್ನು ಪಠ್ಯದಲ್ಲಿ ಸೇರಿಸಿತು. ರಾಜ್ಯದ ಅಷ್ಟೂ ಬಿ.ಇಡಿ. ಕಾಲೇಜುಗಳಲ್ಲಿ ಇದನ್ನು ಕಲಿಸುವವರು ಯಾರು? ಬಹಳ ಕಡೆ ಕನ್ನಡದ ಅಥವಾ ಮನಶ್ಶಾಸ್ತ್ರದ ಅಧ್ಯಾಪಕರು, ಒಂದು ರೆಕಾರ್ಡ್ ಪುಸ್ತಕ ಬರೆಸಿ ಅಂಕ ಕೊಟ್ಟು ಮುಗಿಸುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯಲ್ಲೂ ಇದೇ ಆಗಿದೆ. ಹಾಡು, ಆಟ, ಗುಂಪು ಎಲ್ಲವೂ ಅದರ ವಿನ್ಯಾಸದಲ್ಲಿವೆ, ಮಗುವಿನ ಕಲ್ಪನೆಯನ್ನು ಹಿಂಬಾಲಿಸುವ ಅಭ್ಯಾಸ ಶಿಕ್ಷಕರಿಗೆ ಸಿಕ್ಕಿಲ್ಲ. ಹೊರವಲಯದ ಸರ್ಕಾರಿ ಶಾಲೆಗಳಲ್ಲಿ ಈ ಕೊರತೆ ಇನ್ನಷ್ಟು ಚುಚ್ಚುತ್ತದೆ. ಕಾಡುಗೋಡಿ, ಹೂಡಿ, ಬೊಮ್ಮಸಂದ್ರದ ತರಗತಿಯಲ್ಲಿ ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗು, ಒಡಿಯಾ ಮಾತಾಡುವ ಮಗು, ತೆಲುಗು ಮಾತಾಡುವ ಮಗು ಒಂದೇ ಬೆಂಚಿನಲ್ಲಿರುತ್ತವೆ. ಕಟ್ಟಡ ಮುಗಿದರೆ ಮಗು ಶಾಲೆ ಬಿಡುತ್ತದೆ. ಇಂಥ ತರಗತಿಯಲ್ಲಿ ಮೈಯ ಭಾಷೆಯಿಂದ ಶುರುವಾಗಿ ಮಾತಿಗೆ ಬರುವ ನಾಟಕದ ಕ್ರಮಕ್ಕಿಂತ ಹೆಚ್ಚು ಉಪಯೋಗದ ಬೋಧನಾ ವಿಧಾನ ನನಗೆ ಕಾಣುತ್ತಿಲ್ಲ.

ಈ ಕಸುಬು ಆಧುನಿಕ ರೂಪದಲ್ಲಿ ಹುಟ್ಟಿದ್ದೂ ಕೈಗಾರಿಕಾ ಊರಿನಲ್ಲೇ ಎಂಬುದು ಗಮನಿಸಬೇಕಾದ ಸಂಗತಿ. ಅದು ಇಂಗ್ಲೆಂಡಿನ ಕಾರು ತಯಾರಿಕೆಯ ಊರು, 1940ರ ಬಾಂಬ್ ದಾಳಿಯಲ್ಲಿ ನೆಲಸಮವಾಗಿ ಮತ್ತೆ ಎದ್ದ ಕೊವೆಂಟ್ರಿ. ಅಲ್ಲಿನ ಬೆಲ್‌ಗ್ರೇಡ್ ಥಿಯೇಟರ್ 1965ರಲ್ಲಿ ನಟರೂ ಶಿಕ್ಷಕರೂ ಆದ ಒಂದು ತಂಡ ಕಟ್ಟಿ ಶಾಲೆಗಳಿಗೆ ಕಳಿಸಿತು. ಶಾಲೆಗಳಿಗೆ ಖರ್ಚಿರಲಿಲ್ಲ, ಹಣದಲ್ಲಿ ನಗರಾಡಳಿತದ ಪಾಲಿತ್ತು. ಅಲ್ಲಿಂದ ಶಿಕ್ಷಣ ರಂಗಭೂಮಿ ಊರೂರಿಗೆ ಹರಡಿತು. ಸಾರ್ವಜನಿಕ ಹಣ ಇಳಿದಂತೆ ಇಂಥ ತಂಡಗಳೂ ಇಳಿದವು, ಅದೇ ಹೊತ್ತಿಗೆ ವಿಶ್ವವಿದ್ಯಾಲಯಗಳಲ್ಲಿ ಅನ್ವಯಿಕ ರಂಗಭೂಮಿಯ ಪದವಿಗಳು ಹೆಚ್ಚಿದವು. ತಂಡ ಕಡಿಮೆಯಾಗಿ ಪದವಿ ಹೆಚ್ಚಾದ ಈ ಚರಿತ್ರೆಯನ್ನು ಲಂಡನ್ನಿಗೆ ಹೋಗಲು ಸಾಲ ಮಾಡುವ ನಮ್ಮ ಮಕ್ಕಳು ಓದಿಕೊಳ್ಳುವುದು ಒಳ್ಳೆಯದು.

ಹಣದ ಮಾತು ಬಂದ ಕಡೆ ಮೂರನೆಯ ಆಕ್ಷೇಪ ಕಾದಿದೆ. ಹೊರವಲಯದಲ್ಲಿ ಇದಕ್ಕೆಲ್ಲ ಹಣ ಕೊಡುವವರು ಕಂಪನಿಗಳು, ಕೊಡುವವರ ಮಾತೇ ನಾಟಕದ ಮಾತಾಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕೆಂದಿದೆ. ಅದರ ನಿಯಮಗಳ ಪ್ರಕಾರ ಕಂಪನಿಯ ನೌಕರರಿಗೂ ಅವರ ಕುಟುಂಬಕ್ಕೂ ಮಾತ್ರ ಅನುಕೂಲವಾಗುವ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಆ ಹಣದ ನಾಟಕ ಪಕ್ಕದ ಹಳ್ಳಿಯ ಶಾಲೆಗೆ ಹೋಗುತ್ತದೆ, ಕಾರ್ಖಾನೆಯ ಒಳಗಿನ ಮಾತಿಗೆ ಹೋಗುವುದಿಲ್ಲ. ಇದು ಯಾರ ದುರುದ್ದೇಶವೂ ಅಲ್ಲ, ಕಾನೂನಿನ ಆಕಾರವೇ ಹಾಗಿದೆ. ಶಾಲೆಯ ಕೆಲಸಕ್ಕೆ ಆ ಹಣ ಬರಲಿ, ತಪ್ಪಿಲ್ಲ. ದುಡಿಮೆಯ ಪ್ರಶ್ನೆಗಳ ನಾಟಕಕ್ಕೆ ಹಣ ಕಾರ್ಮಿಕ ಸಂಘಟನೆಗಳಿಂದ, ವಿಶ್ವವಿದ್ಯಾಲಯದಿಂದ, ಜನರ ಚಂದಾದಿಂದ ಬರಬೇಕು. ಯಾವ ಕೆಲಸಕ್ಕೆ ಯಾವ ಹಣ ಎಂದು ಬಿಡಿಸಿ ನೋಡುವ ಬುದ್ಧಿಯನ್ನೂ ಕೋರ್ಸು ಕಲಿಸಬೇಕು. ಹಳೆಯ ಟವಲಿನ ಚಂದಾ ಬಡತನದ್ದಾಗಿದ್ದರೂ ಅದರಲ್ಲಿ ಒಂದು ಬಿಡುಗಡೆಯಿತ್ತು.

ಕೊನೆಯದು ಪ್ರವೇಶದ ಪ್ರಶ್ನೆ. ನನ್ನನ್ನು ನಿಜವಾಗಿ ಕಾಡುವ ಆಕ್ಷೇಪವೂ ಇದೇ. ಸ್ನಾತಕೋತ್ತರ ಎಂದ ಮೇಲೆ ಮೊದಲ ಪದವಿ ಬೇಕು, ಬೋಧನೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಶುಲ್ಕ ಬೇರೆ. ಗಾರ್ಮೆಂಟ್ಸಿನಲ್ಲಿ ಹತ್ತು ವರ್ಷ ದುಡಿದು ಜನರನ್ನು ಕಟ್ಟಬಲ್ಲ ಹೆಣ್ಣುಮಗಳಿಗೆ ಅರ್ಜಿಯೇ ಸಿಗುವುದಿಲ್ಲ, ಅವಳ ಬಡಾವಣೆಗೆ ಕ್ಷೇತ್ರಕಾರ್ಯಕ್ಕೆ ಬರುವವರು ಮಾತ್ರ ಪದವೀಧರರಾಗುತ್ತಾರೆ. ಪಶ್ಚಿಮ ಬಂಗಾಳದಲ್ಲಿ 1985ರಲ್ಲಿ ಸಂಜಯ್ ಗಂಗೂಲಿಯವರು ಕಟ್ಟಿದ ಜನ ಸಂಸ್ಕೃತಿಯ ತಂಡಗಳಲ್ಲಿ ಕೃಷಿ ಕೂಲಿಗಳಿದ್ದಾರೆ, ಹಳ್ಳಿಯ ಹೆಂಗಸರಿದ್ದಾರೆ. ಒಂದೇ ಊರಿಗೆ ಅದೇ ನಾಟಕದೊಂದಿಗೆ ಮತ್ತೆ ಮತ್ತೆ ಹೋಗುವುದು ಅವರ ಕ್ರಮ. ಬೋಲ್ ಮೆಚ್ಚಿದ ಕೆಲಸ ಅದು, ಅಲ್ಲಿ ಯಾರೂ ಪದವಿ ಕೇಳಲಿಲ್ಲ. ನೀನಾಸಂ ಕೂಡ ಪದವಿಯನ್ನು ಕಡ್ಡಾಯ ಮಾಡದೆಯೇ ನಾಡಿಗೆ ರಂಗಕರ್ಮಿಗಳನ್ನು ಕೊಟ್ಟಿತು. ಆದ್ದರಿಂದ ಎಂ.ಎ. ಒಂದೇ ಬಾಗಿಲಾಗಬಾರದು. ಅದರ ಪಕ್ಕದಲ್ಲೇ ಕನ್ನಡದಲ್ಲಿ ನಡೆಯುವ ಡಿಪ್ಲೊಮಾ ಇರಲಿ, ಭಾನುವಾರ ಮತ್ತು ಪಾಳಿಯ ಹೊತ್ತಿಗೆ ಹೊಂದುವ ತರಗತಿ ಇರಲಿ, ಎರಡೂ ಗುಂಪು ಒಂದೇ ನಾಟಕದಲ್ಲಿ ದುಡಿಯಲಿ. ಒಡಿಯಾ, ಹಿಂದಿ, ಬಂಗಾಳಿ ಮಾತಾಡುವವರಿಗೂ ಜಾಗವಿರಲಿ. ಹಳೆಯ ಕನ್ನಡ ಸಂಘ ತನ್ನ ಪಕ್ಕದ ಲೇತಿನವನಿಗೆ ಕೊಡದೆ ಹೋದದ್ದು ಇದನ್ನೇ. ಇಂಥ ಪ್ರಯೋಗಕ್ಕೆ ನೆಲ ಹೊರವಲಯದಲ್ಲೇ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಶಿಕ್ಷಣದ ಎಂ.ಎ.ಯನ್ನು 2011ರಲ್ಲಿ ಆರಂಭಿಸಿದ್ದು ಎಲೆಕ್ಟ್ರಾನಿಕ್ ಸಿಟಿಯ ಬಳಿ, ಈಗ ಅದು ಇರುವುದು ಸರ್ಜಾಪುರ ರಸ್ತೆಯ ಕಡೆ. ವೈಟ್‌ಫೀಲ್ಡಿನಲ್ಲಿ 2011ರಿಂದ ಜಾಗೃತಿ ರಂಗಮಂದಿರವಿದೆ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರ ‘ಆದಿಮ’ ಇದೆ. ಇವುಗಳ ನಡುವೆ ಬಸ್ಸಿನಲ್ಲಿ ಹೋಗಿಬರಬಹುದಾದಷ್ಟೇ ದೂರ. ಒಂದರ ಕೆಲಸ ಇನ್ನೊಂದಕ್ಕೆ ತಾಗುವುದು ಮಾತ್ರ ಅಪರೂಪ.

ಹೊಟ್ಟೆಗಿಲ್ಲದವರಿಗೆ ನಾಟಕವೇಕೆ ಎಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ನಾಟಕ ಸಂಬಳ ಹೆಚ್ಚಿಸುವುದಿಲ್ಲ, ಶೆಡ್ಡಿಗೆ ಶೌಚಾಲಯ ಕಟ್ಟುವುದಿಲ್ಲ, ಹಾಗೆಂದು ಹೇಳಿಕೊಳ್ಳುವ ಅನ್ವಯಿಕ ರಂಗಕರ್ಮಿಯನ್ನು ನಂಬಬೇಡಿ. ಪಿಎಫ್‌ನ ನಿಯಮದ ವಿಷಯದಲ್ಲಿ ಗೆದ್ದವರು ರಸ್ತೆಗಿಳಿದ ಹೆಂಗಸರೇ ಹೊರತು ಯಾವ ನಾಟಕವೂ ಅಲ್ಲ.

ಈ ವರ್ಷ ಇಂಥ ಕೋರ್ಸಿಗೆ ಅರ್ಜಿ ಹಾಕುವವರು ಲಂಡನ್ನಿಗಾದರೂ ಹಾಕಿ, ಸರ್ಜಾಪುರದ ಕಡೆಗಾದರೂ ಹಾಕಿ. ಹಾಕುವ ಮೊದಲು ಮೂರು ವಿಷಯ ವಿಚಾರಿಸಿ: ಕೋರ್ಸಿನ ಅವಧಿಯಲ್ಲಿ ಎಷ್ಟು ತಿಂಗಳು ಒಂದೇ ಬಡಾವಣೆಯಲ್ಲಿ ಅಥವಾ ಒಂದೇ ಶಾಲೆಯಲ್ಲಿ ಕೆಲಸ ಮಾಡಬೇಕು, ಆ ಕೆಲಸ ಹೇಗಾಯಿತೆಂದು ಹೇಳುವ ಹಕ್ಕು ಅಲ್ಲಿನ ಜನರಿಗೆ ಇದೆಯೇ, ಕಲಿಸುವವರಲ್ಲಿ ಕಾರ್ಖಾನೆಯಲ್ಲಿ ಅಥವಾ ಸರ್ಕಾರಿ ಶಾಲೆಯಲ್ಲಿ ದುಡಿದವರು ಒಬ್ಬರಾದರೂ ಇದ್ದಾರೆಯೇ. ಉತ್ತರ ಸಿಗದಿದ್ದರೆ ಶುಲ್ಕದ ದುಡ್ಡು ಉಳಿಸಿಕೊಳ್ಳಿ.